ತಪ್ಪು ಹುಡುಕುವ ವಿದ್ಯೆ: ಕಂಪ್ಯೂಟರ್ ಜಾಲದ ಇತಿಹಾಸದಿಂದ ಕೆಲವು ಪುಟಗಳು



ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನ ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದ, ಮಾತು ಕಡಿಮೆಯಾಗಿದ್ದ ಹುಡುಗ. ಈಗ ಅವನ ತಲೆಯಲ್ಲೂ ನರೆಗೂದಲು ಕಾಣಿಸಿಕೊಂಡಿದೆ. ಕಾಫಿ ಕುಡಿಯುತ್ತಾ, "ಏನಪ್ಪಾ, ಬೆಂಗಳೂರಿನಲ್ಲಿ ನಿನ್ನ ಕೆಲಸ ಏನು?" ಎಂದು ಕೇಳಿದೆ. "ಸಾಫ್ಟ್‌ವೇರ್ ಟೆಸ್ಟಿಂಗ್ ಸಾರ್" ಎಂದ. ಹಾಗೆಂದರೇನು ಎಂದು ವಿಚಾರಿಸಿದಾಗ, "ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಸಾರ್. ನೀವು ಉತ್ತರಪತ್ರಿಕೆ ತಿದ್ದುತ್ತಿದ್ದಿರಲ್ಲ, ಹಾಗೆಯೇ" ಎಂದು ಹೇಳಿ ಸಣ್ಣಗೆ ನಕ್ಕ. ಆ ನಗೆಯ ಅರ್ಥ ನನಗೆ ತಿಳಿಯಿತು. ಅದನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ.

ಅವನು ಹೋದ ಮೇಲೆ ಈ ವಿಷಯವನ್ನು ಕುರಿತು ಸ್ವಲ್ಪ ಓದಬೇಕೆನಿಸಿತು. ನಿವೃತ್ತನಾದವನಿಗೆ ಸಮಯಕ್ಕೇನೂ ಕೊರತೆಯಿಲ್ಲ. ಓದುತ್ತಾ ಹೋದಂತೆ ನನಗೆ ಕಂಡ ಸಂಗತಿ ಇದು: ಇಂದು ಜಗತ್ತನ್ನೆಲ್ಲ ಹೆಣೆದಿರುವ ಕಂಪ್ಯೂಟರ್ ಜಾಲದ ಚರಿತ್ರೆಯು ಜಾಣರ ಯಶಸ್ಸಿನ ಕಥೆ ಮಾತ್ರವಲ್ಲ, ತಮ್ಮ ತಪ್ಪನ್ನು ತಾವೇ ಹುಡುಕಿ, ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡು, ಬರೆದಿಟ್ಟು, ಮುಂದಿನವರಿಗೆ ದಾಟಿಸಿದವರ ಕಥೆ. ನಲವತ್ತು ನಿಮಿಷದ ಪಾಠಗಳನ್ನು ಮಾಡಿಯೇ ಬದುಕು ಸವೆಸಿದ ನಾನು ಅದನ್ನು ನಿಮಗೂ ಹೇಳದಿರಲು ಹೇಗೆ ಸಾಧ್ಯ?

ಹುಳದಿಂದ ಆರಂಭ

ಸಾಫ್ಟ್‌ವೇರಿನ ದೋಷವನ್ನು 'ಬಗ್' ಎಂದು ಕರೆಯುವುದು ನಿಮಗೆಲ್ಲ ತಿಳಿದದ್ದೇ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಎಂಬ ಗಣಕಯಂತ್ರ ಕೆಟ್ಟು ನಿಂತಾಗ, ಅದರ ರಿಲೇಯೊಂದರಲ್ಲಿ ನಿಜವಾದ ಪತಂಗವೊಂದು ಸಿಕ್ಕಿಕೊಂಡಿತ್ತು. ಗ್ರೇಸ್ ಹಾಪರ್ ಇದ್ದ ಆ ತಂಡದವರು ಹುಳವನ್ನು ತೆಗೆದು, ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಷರಾ ಬರೆದಿಟ್ಟರು. ದೋಷಕ್ಕೆ 'ಬಗ್' ಎನ್ನುವ ಹೆಸರು ಆ ದಿನವೇ ಹುಟ್ಟಿತೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ, ಥಾಮಸ್ ಎಡಿಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಮಾತನ್ನು ಬಳಸಿದ್ದ. ಆದರೆ ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಹುಳವಲ್ಲ, ಅದನ್ನು ದಿನಚರಿಯಲ್ಲಿ ಅಂಟಿಸಿದ ಬುದ್ಧಿ. ಯಂತ್ರ ಯಾಕೆ ನಿಂತಿತು, ಯಾವಾಗ ನಿಂತಿತು, ಏನು ಮಾಡಿದ ಮೇಲೆ ನಡೆಯಿತು ಎಂಬುದನ್ನು ಬರೆದಿಡುವುದೇ ಈ ವಿದ್ಯೆಯ ಅಕ್ಷರಾಭ್ಯಾಸ.

ಇಪ್ಪತ್ತು ವರ್ಷಗಳಲ್ಲಿ ಯಂತ್ರಗಳು ಬೆಳೆದವು, ಪ್ರೋಗ್ರಾಮುಗಳು ಅದಕ್ಕಿಂತ ವೇಗವಾಗಿ ಬೆಳೆದವು. ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ, ಹೇಳಿದ ಹಣಕ್ಕೆ ಮುಗಿಯುತ್ತಿರಲಿಲ್ಲ, ಮುಗಿದರೂ ಸರಿಯಾಗಿ ನಡೆಯುತ್ತಿರಲಿಲ್ಲ. ಇದನ್ನು ಚರ್ಚಿಸಲು 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ತಜ್ಞರ ಸಮ್ಮೇಳನವೊಂದು ಸೇರಿತು. 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಮಾತು ಬಳಕೆಗೆ ಬಂದದ್ದು ಮುಖ್ಯವಾಗಿ ಅಲ್ಲಿಂದ. ಸೇತುವೆ ಕಟ್ಟುವವನಿಗೆ ಇರುವ ಶಿಸ್ತು ಪ್ರೋಗ್ರಾಮು ಬರೆಯುವವನಿಗೂ ಬರಬೇಕೆಂಬುದು ಆ ಹೆಸರಿನ ಆಶಯ. ಮರುವರ್ಷ ರೋಮಿನಲ್ಲಿ ನಡೆದ ಇಂಥದೇ ಸಮ್ಮೇಳನದಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಒಂದು ಮಹತ್ವದ ವಿಚಾರವನ್ನು ಮುಂದಿಟ್ಟರು. ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು, ತಪ್ಪೇ ಇಲ್ಲವೆಂದು ಸಾಧಿಸಲಾಗದು ಎಂಬುದು ಅದರ ತಾತ್ಪರ್ಯ. ಗಣಿತ ಕಲಿಸಿದ ನನಗೆ ಇದು ಕೂಡಲೇ ಮನಸ್ಸಿಗೆ ಇಳಿಯಿತು. ಸಾವಿರ ಉದಾಹರಣೆಗಳು ಸರಿಹೋದರೂ ಅದು ಪ್ರಮೇಯದ ಸಾಧನೆಯಲ್ಲ. ಒಂದೇ ಒಂದು ಪ್ರತ್ಯುದಾಹರಣೆ ಸಿಕ್ಕರೆ ಪ್ರಮೇಯ ಬಿದ್ದುಹೋಗುತ್ತದೆ. ಟೆಸ್ಟಿಂಗ್ ಮಾಡುವವನು ಆ ಪ್ರತ್ಯುದಾಹರಣೆಯನ್ನು ಹುಡುಕಲು ಹೊರಟವನು.

ಎರಡೇ ಅಕ್ಷರ

ಇನ್ನು ಜಾಲದ ವಿಷಯಕ್ಕೆ ಬರೋಣ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಇಬ್ಬರೂ ಪ್ರತ್ಯೇಕವಾಗಿ ಒಂದೇ ಉಪಾಯವನ್ನು ಯೋಚಿಸಿದ್ದರು. ನೀವೊಂದು ದೀರ್ಘ ಪತ್ರವನ್ನು ಹತ್ತಾರು ಅಂಚೆ ಕಾರ್ಡುಗಳಲ್ಲಿ ಬರೆದು, ಒಂದೊಂದಕ್ಕೂ ಕ್ರಮಸಂಖ್ಯೆ ಮತ್ತು ವಿಳಾಸ ಹಾಕಿ ಡಬ್ಬಿಗೆ ಹಾಕಿದಿರೆನ್ನಿ. ಒಂದು ಕಾರ್ಡು ಅರಸೀಕೆರೆಯ ಮೇಲೆ ಹೋಗಲಿ, ಇನ್ನೊಂದು ಹಾಸನದ ಮೇಲೆ ಹೋಗಲಿ. ಮುಟ್ಟಿದವರು ಸಂಖ್ಯೆಯ ಪ್ರಕಾರ ಜೋಡಿಸಿಕೊಂಡು ಓದುತ್ತಾರೆ. ಈ ಕಾರ್ಡಿಗೆ ಡೇವಿಸ್ ಕೊಟ್ಟ ಹೆಸರು 'ಪ್ಯಾಕೆಟ್'.

ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದದ್ದು ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆ. ಆ ಜಾಲವೇ 'ಆರ್ಪಾನೆಟ್'. ಪ್ಯಾಕೆಟ್ಟುಗಳನ್ನು ಬಟವಾಡೆ ಮಾಡುವ 'ಇಂಪ್' ಎಂಬ ಯಂತ್ರವನ್ನು ತಯಾರಿಸುವ ಗುತ್ತಿಗೆ ಬಿಬಿಎನ್ ಎಂಬ ಕಂಪನಿಗೆ ಸಿಕ್ಕಿತು. ಫ್ರ್ಯಾಂಕ್ ಹಾರ್ಟ್ ಅವರ ನೇತೃತ್ವದ ಸಣ್ಣ ತಂಡವೊಂದು 1969ರ ಜನವರಿಯಲ್ಲಿ ಕೆಲಸ ಆರಂಭಿಸಿ ಆಗಸ್ಟ್ ಕೊನೆಗೆ ಮೊದಲ ಯಂತ್ರವನ್ನು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯಕ್ಕೆ ತಲುಪಿಸಿತು. ಹಾರ್ಟ್ ಮುಂಜಾಗ್ರತೆಯ ಮನುಷ್ಯ. ಕುತೂಹಲಿ ವಿದ್ಯಾರ್ಥಿಗಳು ಬಿಚ್ಚಿ ನೋಡದಂತೆ, ಕೆಟ್ಟರೂ ದೂರದಿಂದಲೇ ದೋಷ ಪತ್ತೆಯಾಗುವಂತೆ ಯಂತ್ರ ಇರಬೇಕೆಂದು ಅವರು ಹಟ ಹಿಡಿದಿದ್ದರು. ಸುಮಾರು 400 ಕಿಲೋ ತೂಗುತ್ತಿದ್ದ ಆ ಯಂತ್ರಗಳು ತಮ್ಮ ಕ್ಷೇಮಸಮಾಚಾರವನ್ನು ತಾವೇ ವರದಿ ಮಾಡುವಂತಾಯಿತು. ದೂರವಾಣಿ ಕಂಪನಿಯ ತಂತಿ ಕೆಟ್ಟರೆ, ಆ ಕಂಪನಿಗಿಂತ ಮೊದಲು ಬಿಬಿಎನ್‌ನವರಿಗೆ ತಿಳಿದುಬಿಡುತ್ತಿತ್ತು.

1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆ. ಪ್ರಾಧ್ಯಾಪಕ ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಕುಳಿತ. ಆ ತುದಿಯಲ್ಲಿ ಬಿಲ್ ಡುವಾಲ್ ಇದ್ದರು. ಇಬ್ಬರ ಕಿವಿಯಲ್ಲೂ ದೂರವಾಣಿ. ಒಂದೊಂದು ಅಕ್ಷರ ಒತ್ತಿದಾಗಲೂ ಮುಟ್ಟಿತೇ ಎಂದು ವಿಚಾರಣೆ. 'ಎಲ್' ಮುಟ್ಟಿತು. 'ಓ' ಮುಟ್ಟಿತು. 'ಜಿ' ಒತ್ತಿದಾಗ ಆ ತುದಿಯ ಕಂಪ್ಯೂಟರ್ ಕುಸಿದುಬಿತ್ತು!

ಕಾರಣ ಬಹಳ ಸಣ್ಣದು. ಮೊದಲ ಮೂರು ಅಕ್ಷರ ಸಿಕ್ಕೊಡನೆ ಉಳಿದದ್ದನ್ನು ತಾನೇ ಊಹಿಸಿ ಪೂರ್ತಿಮಾಡುವ ಜಾಣತನ ಸ್ಟ್ಯಾನ್‌ಫರ್ಡಿನ ಕಂಪ್ಯೂಟರಿಗೆ ಇತ್ತು. ಒಂದೊಂದೇ ಅಕ್ಷರ ಹಿಂದಿರುಗಬೇಕಾದ ಕಡೆ ಹಲವು ಅಕ್ಷರಗಳು ಒಟ್ಟಿಗೆ ಹೊರಟವು. ಅವುಗಳಿಗಾಗಿ ಇಟ್ಟಿದ್ದ ಜಾಗ ಅಷ್ಟನ್ನು ಹಿಡಿಸಲಿಲ್ಲ. ಡುವಾಲ್ ಆ ಜಾಗವನ್ನು ಹಿಗ್ಗಿಸಿದರು, ಸುಮಾರು ಒಂದು ಗಂಟೆಯಲ್ಲಿ ಸಂಪರ್ಕ ಸರಿಹೋಯಿತು. ಹೀಗೆ ಜಾಲದ ಮೊದಲ ಸಂದೇಶ ಎರಡೇ ಅಕ್ಷರದ್ದು, ಮೂರನೆಯ ಅಕ್ಷರವೇ ಮೊದಲ ದೋಷ. ಎರಡು ಕಡೆಯವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದಿದ್ದರು. ತಪ್ಪು ಇದ್ದದ್ದು ಇಬ್ಬರೂ ಕೂಡುವ ಜಾಗದಲ್ಲಿ. ಒಂದೊಂದು ಭಾಗವನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಸಾಲದು, ಜೋಡಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು ಎಂದು ಇಂದು ಟೆಸ್ಟಿಂಗ್‌ನವರು ಪಾಲಿಸುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

'ದಯವಿಟ್ಟು ಅಭಿಪ್ರಾಯ ತಿಳಿಸಿ'

ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ಜಾತಿಯ ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡಬೇಕಾದರೆ ಮಾತಿನ ಮರ್ಯಾದೆಯೊಂದು ಗೊತ್ತಾಗಬೇಕು. ಯಾರು ಮೊದಲು ಮಾತನಾಡಬೇಕು, ಕೇಳಿಸಿತೆಂದು ಹೇಗೆ ತಿಳಿಸಬೇಕು, ಕೇಳಿಸದಿದ್ದರೆ ಏನು ಮಾಡಬೇಕು. ಇದಕ್ಕೆ 'ಪ್ರೋಟೋಕಾಲ್' ಎಂದು ಹೆಸರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆ ಕಂಪ್ಯೂಟರುಗಳಿಗೂ ಅನ್ವಯಿಸುತ್ತದೆ.

ಈ ಮರ್ಯಾದೆಯನ್ನು ಗೊತ್ತುಮಾಡುವ ಕೆಲಸ ಬಿದ್ದದ್ದು ಕೆಲವು ಸ್ನಾತಕೋತ್ತರ ವಿದ್ಯಾರ್ಥಿಗಳ ಮೇಲೆ. ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ದೊಡ್ಡವರು ಯಾರೋ ಬಂದು ಈ ಕೆಲಸವನ್ನು ವಹಿಸಿಕೊಳ್ಳುತ್ತಾರೆಂದೇ ಅವರು ಭಾವಿಸಿದ್ದರು, ಯಾರೂ ಬರಲಿಲ್ಲ. ಕಡೆಗೆ ತಮ್ಮ ಚರ್ಚೆಗಳನ್ನು ತಾವೇ ಟಿಪ್ಪಣಿಗಳಾಗಿ ಬರೆದು ಹಂಚಲು ತೀರ್ಮಾನಿಸಿದರು. ಸ್ಟೀವ್ ಕ್ರಾಕರ್ ಎಂಬ ಯುವಕ ತಂಗಿದ್ದ ಮನೆಯಲ್ಲಿ ಇತರರ ನಿದ್ದೆ ಕೆಡಬಾರದೆಂದು ರಾತ್ರಿ ಸ್ನಾನದ ಕೋಣೆಯಲ್ಲಿ ಕುಳಿತು ಮೊದಲ ಟಿಪ್ಪಣಿಯನ್ನು ಬರೆದ. ಅದರ ದಿನಾಂಕ 1969ರ ಏಪ್ರಿಲ್ 7. ದೊಡ್ಡವರ ಅಧಿಕಾರವನ್ನು ತಾವು ಕೈಗೆತ್ತಿಕೊಂಡಂತೆ ಕಾಣಬಾರದೆಂಬ ಸಂಕೋಚದಿಂದ ಅದಕ್ಕೆ 'ಅಭಿಪ್ರಾಯಗಳಿಗಾಗಿ ಕೋರಿಕೆ' ಎಂಬ ಅರ್ಥದ ಹೆಸರಿಟ್ಟ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಆರ್‌ಎಫ್‌ಸಿ' ಎನ್ನುತ್ತಾರೆ.

ಆ ಸಂಕೋಚದ ಹೆಸರೇ ಶಾಶ್ವತವಾಗಿ ನಿಂತಿತು. ಜಾನ್ ಪೋಸ್ಟೆಲ್ ಎಂಬ ಸಂಪಾದಕರು 1998ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಮೂರು ದಶಕ ಈ ಟಿಪ್ಪಣಿಗಳನ್ನು ಕಾಪಾಡಿಕೊಂಡು ಬಂದರು. 2021ರಲ್ಲಿ ಅವುಗಳ ಸಂಖ್ಯೆ 9000ವನ್ನು ಮುಟ್ಟಿತು. ಇಂಟರ್ನೆಟ್ಟಿನ ಕಟ್ಟುಪಾಡುಗಳೆಲ್ಲ 'ಹೀಗೇ ಮಾಡತಕ್ಕದ್ದು' ಎಂಬ ಸುತ್ತೋಲೆಯಾಗಿ ಹುಟ್ಟದೆ, 'ನಮಗೆ ಹೀಗೆ ತೋರುತ್ತದೆ, ತಪ್ಪಿದ್ದರೆ ಹೇಳಿ' ಎಂಬ ಕೋರಿಕೆಯಾಗಿ ಹುಟ್ಟಿದವು. ಮೂವತ್ತು ವರ್ಷ ಸುತ್ತೋಲೆಗಳನ್ನು ಓದಿ ಸಹಿ ಹಾಕಿದ ನನಗೆ ಇದು ದೊಡ್ಡ ಆಶ್ಚರ್ಯ.

ಬೇಕೆಂದೇ ಕೆಡಿಸಿದವರು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಾವು ವ್ಯಥೆಯಿಂದ ಹೇಳುತ್ತೇವೆ. ಆದರೆ ಈ ವಿದ್ಯೆಯಲ್ಲಿ ದೊಣ್ಣೆಯವನೂ ಕುಂಬಾರನ ತಂಡದವನೇ! ಬಿಬಿಎನ್ ತಂಡದಲ್ಲಿ ಬಾಬ್ ಕಾನ್ ಎಂಬ ಗಣಿತ ಬಲ್ಲ ವಿಜ್ಞಾನಿ ಇದ್ದರು. ಸಂಚಾರ ಹೆಚ್ಚಾದರೆ ಈ ಜಾಲ ಹೂತು ನಿಂತುಬಿಡುವ ಸಂಭವವಿದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಪ್ರೋಗ್ರಾಮು ಬರೆದವರಿಗೆ ಅದು ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ. 1970ರ ಆರಂಭದಲ್ಲಿ ಕಾನ್ ಮತ್ತು ಡೇವ್ ವಾಲ್ಡನ್ ಇಬ್ಬರೂ ಲಾಸ್ ಏಂಜಲೀಸಿಗೆ ಹೋಗಿ, ಬೇಕೆಂದೇ ಜಾಲದ ಮೇಲೆ ಭಾರ ಹೇರಿದರು. ಕಾನ್ ಹೇಳಿದಂತೆಯೇ ಜಾಲ ನಿಂತುಹೋಯಿತು.

ಅದು ಹೇಗೆ ನಿಂತಿತೆಂಬುದನ್ನು ನಮ್ಮ ಮದುವೆಯ ಮನೆಯ ಉದಾಹರಣೆಯಿಂದ ವಿವರಿಸುತ್ತೇನೆ. ಊಟದ ಹಾಲಿನಲ್ಲಿ ನೂರು ಎಲೆ ಹಾಕಿದೆ. ಪ್ರತಿಯೊಂದು ಮನೆಯವರೂ ತಮ್ಮವರೆಲ್ಲ ಬಂದ ಮೇಲೆಯೇ ಊಟಕ್ಕೆ ಕೈಹಾಕುವುದೆಂದು ಹಟ ಹಿಡಿದಿದ್ದಾರೆ. ನಾಲ್ವರ ಮನೆಯಿಂದ ಇಬ್ಬರು, ಆರು ಜನರ ಮನೆಯಿಂದ ಮೂವರು ಹೀಗೆ ಬಂದು ನೂರು ಎಲೆಯೂ ತುಂಬಿತು. ಒಳಗಿದ್ದವರು ಹೊರಗಿನವರಿಗಾಗಿ ಕಾಯುತ್ತಾರೆ. ಹೊರಗಿನವರು ಎಲೆ ತೆರವಾಗಲೆಂದು ಕಾಯುತ್ತಾರೆ. ಪಂಕ್ತಿ ಎಂದಿಗೂ ಏಳುವುದಿಲ್ಲ. ಗ್ರಾಹಕ ತುದಿಯ ಇಂಪಿನ ಸ್ಮರಣೆಯಲ್ಲಿ ಅರ್ಧಂಬರ್ಧ ಸಂದೇಶಗಳು ತುಂಬಿಕೊಂಡು, ಉಳಿದ ಪ್ಯಾಕೆಟ್ಟುಗಳಿಗೆ ಜಾಗವಿಲ್ಲದೆ ಹೀಗೆಯೇ ಆಯಿತು. ಪರಿಹಾರವೂ ಮದುವೆ ಮನೆಯದೇ: ಮೊದಲು ಎಲೆ ಕಾದಿರಿಸಿಕೊಂಡು, ಆ ಬಳಿಕವೇ ದೊಡ್ಡ ಸಂಸಾರವನ್ನು ಒಳಗೆ ಕಳುಹಿಸುವುದು. ಜಾಲದಲ್ಲಿ ನಾಲ್ಕಾರು ಯಂತ್ರಗಳಿದ್ದಾಗಲೇ ಈ ದೋಷ ಬಯಲಾದದ್ದು ಎಷ್ಟು ಒಳ್ಳೆಯದಾಯಿತು! ತನ್ನದೇ ತಂಡದ ಕೆಲಸವನ್ನು ಕೆಡಿಸಲು ಹೊರಟ ಈ ಕಾನ್ ಅವರೇ ಮುಂದೆ ವಿಂಟ್ ಸೆರ್ಫ್ ಜೊತೆಗೂಡಿ 1974ರಲ್ಲಿ ಟಿಸಿಪಿ ಎಂಬ ನಿಯಮಾವಳಿಯ ಮೂಲ ಪ್ರಬಂಧವನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಆರ್ಪಾನೆಟ್ ಆ ನಿಯಮಾವಳಿಗೆ ಬದಲಾಯಿತು. ನೀವು ಇಂದು ಬಳಸುವ ಇಂಟರ್ನೆಟ್ ಅದರ ಮೇಲೆಯೇ ನಿಂತಿದೆ.

ಮೂರು ಸಂಖ್ಯೆಗಳ ಜಗಳ

ಗಣಿತದ ಮೇಷ್ಟ್ರಿಗೆ ಅತ್ಯಂತ ಪ್ರಿಯವಾದ ಪ್ರಸಂಗ ಇದು. 1980ರ ಅಕ್ಟೋಬರ್ 27ರಂದು ಇಡೀ ಆರ್ಪಾನೆಟ್ ಕೆಲವು ಗಂಟೆಗಳ ಕಾಲ ನಿಷ್ಪ್ರಯೋಜಕವಾಯಿತು. ಕಾರಣ, ಮೂರು ಸಂಖ್ಯೆಗಳು: 8, 40 ಮತ್ತು 44.

ಪ್ರತಿಯೊಂದು ಇಂಪೂ ತನ್ನ ತಂತಿಗಳ ಸ್ಥಿತಿಗತಿಯನ್ನು ಆಗಾಗ ಉಳಿದವುಗಳಿಗೆ ಸಾರುತ್ತಿತ್ತು. ಯಾವುದು ಹೊಸ ವರದಿ, ಯಾವುದು ಹಳೆಯದು ಎಂದು ತಿಳಿಯಲು ಕ್ರಮಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ 0ಯಿಂದ 63ರವರೆಗೆ ಏರಿ ಮತ್ತೆ 0ಗೆ ಬರುತ್ತಿತ್ತು, ಗಡಿಯಾರದ ಮುಳ್ಳಿನ ಹಾಗೆ. ಹಾಗಾದರೆ 63 ಮತ್ತು 2ರಲ್ಲಿ ಹೊಸದು ಯಾವುದು? ಸುತ್ತಿ ಬಂದ 2 ಹೊಸದಾಗಬೇಕು. ಆದುದರಿಂದ, ಎರಡು ಸಂಖ್ಯೆಗಳ ಅಂತರ ಅರ್ಧ ಸುತ್ತನ್ನು, ಅಂದರೆ 32ನ್ನು, ಮೀರದಿದ್ದರೆ ದೊಡ್ಡದು ಹೊಸದು, ಮೀರಿದರೆ ಚಿಕ್ಕದು ಹೊಸದು ಎಂದು ನಿಯಮ ಮಾಡಿದ್ದರು. ನಿಯಮ ಸರಿಯಾಗಿಯೇ ಕಾಣುತ್ತದೆ. ಒಂದು ಯಂತ್ರದ ಒಂದು ವರದಿ ಮಾತ್ರ ಚಾಲ್ತಿಯಲ್ಲಿದ್ದಾಗ ಸರಿಯೂ ಹೌದು.

ಆ ದಿನ 50ನೆಯ ಇಂಪಿನ 44ನೆಯ ವರದಿಯಲ್ಲಿ, ಯಂತ್ರದೋಷದಿಂದ ಬಿಟ್ಟುಗಳು ಉದುರಿದವು. ದ್ವಿಮಾನ ಪದ್ಧತಿಯಲ್ಲಿ 44 ಎಂದರೆ 101100. ಮೂರನೆಯ 1 ಉದುರಿದರೆ 101000, ಅಂದರೆ 40. ಅದರ ಮೊದಲ 1 ಉದುರಿದರೆ 001000, ಅಂದರೆ 8. ತಂತಿಯ ಮೇಲೆ ಸಾಗುವಾಗ ಇಂಥ ದೋಷ ಹಿಡಿಯಲು ತಾಳೆ ನೋಡುವ ವ್ಯವಸ್ಥೆ ಇತ್ತು. ಯಂತ್ರದ ಸ್ಮರಣೆಯೊಳಗೆ ಆ ಕಾವಲು ಇರಲಿಲ್ಲ. ಒಂದೇ ವರದಿಯ ಮೂರು ರೂಪಗಳು ಜಾಲದಲ್ಲಿ ಓಡಾಡತೊಡಗಿದವು. ಈಗ ನಿಯಮವನ್ನು ಹಚ್ಚಿ ನೋಡಿ. 8ಕ್ಕಿಂತ 40 ಹೊಸದು, ಅಂತರ 32. 40ಕ್ಕಿಂತ 44 ಹೊಸದು, ಅಂತರ 4. ಆದರೆ 44 ಮತ್ತು 8ರ ಅಂತರ 36, ಅದು 32ನ್ನು ಮೀರಿದ್ದರಿಂದ 44ಕ್ಕಿಂತ 8 ಹೊಸದು! ಅಣ್ಣ ತಮ್ಮನಿಗಿಂತ ದೊಡ್ಡವನು, ತಮ್ಮ ತಂಗಿಗಿಂತ ದೊಡ್ಡವನು, ತಂಗಿ ಅಣ್ಣನಿಗಿಂತ ದೊಡ್ಡವಳು ಎಂದಂತಾಯಿತು. ಪ್ರತಿಯೊಂದು ಯಂತ್ರವೂ ಬಂದದ್ದನ್ನು ಹೊಸದೆಂದು ಸ್ವೀಕರಿಸಿ ನೆರೆಯವರಿಗೆ ದಾಟಿಸಿತು, ಅಲ್ಲಿಂದ ಮತ್ತೊಂದು ಹೊಸದು ಬಂತು. ಈ ಬಟವಾಡೆಯೊಂದನ್ನು ಬಿಟ್ಟು ಬೇರಾವ ಕೆಲಸಕ್ಕೂ ಯಂತ್ರಗಳಿಗೆ ಬಿಡುವಿಲ್ಲದಾಯಿತು. ಒಂದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ನೆರೆಯ ಯಂತ್ರ ಅದೇ ರೋಗವನ್ನು ಮರಳಿ ಅಂಟಿಸುತ್ತಿತ್ತು. ಕಡೆಗೆ 50ನೆಯ ಇಂಪಿನ ವರದಿಗಳನ್ನು ಕಡೆಗಣಿಸುವಂತೆ ಎಲ್ಲ ಯಂತ್ರಗಳಿಗೂ ಸಣ್ಣ ತಿದ್ದುಪಡಿ ಹಾಕಿ ಜಾಲವನ್ನು ಉಳಿಸಿದರು.

ಇದಾದ ಮೇಲೆ ಅವರು ಮಾಡಿದ್ದೇನು? ಎರಿಕ್ ರೋಸೆನ್ ಎಂಬ ತಜ್ಞರು ನಡೆದದ್ದೆಲ್ಲವನ್ನೂ, ತಮ್ಮವರ ಯೋಚನೆಯ ಲೋಪವನ್ನೂ ಸೇರಿಸಿ, 789ನೆಯ ಟಿಪ್ಪಣಿಯಾಗಿ ಪ್ರಕಟಿಸಿದರು. ಯಾರೋ ಒಬ್ಬನನ್ನು ಹಿಡಿದು ಬೈಯುವ ಬದಲು, ದೋಷಕ್ಕೆ ದಾರಿ ಎಲ್ಲಿತ್ತೆಂದು ಹುಡುಕಿದ ಬರಹ ಅದು. 1983ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ, ಇಂಥ ಕೆಟ್ಟ ವರದಿ ನುಸುಳಿದರೂ ಜಾಲ ತಾನಾಗಿಯೇ ಚೇತರಿಸಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ತಪ್ಪೇ ಆಗದಂತೆ ಮಾಡುವುದು ಒಂದು ಗುರಿ. ತಪ್ಪಾದರೂ ಎದ್ದು ನಿಲ್ಲುವಂತೆ ಮಾಡುವುದು ಅದಕ್ಕಿಂತ ದೊಡ್ಡ ಗುರಿ.

ನಾನೂರು ಗಜದ ದಾರಿ

1986ರ ಅಕ್ಟೋಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸುಮಾರು 400 ಗಜ ದೂರ. ಅವೆರಡರ ನಡುವೆ ಸೆಕೆಂಡಿಗೆ 32,000 ಬಿಟ್ಟುಗಳಷ್ಟು ಸಾಗುತ್ತಿದ್ದ ಮಾಹಿತಿ ಹಠಾತ್ತನೆ 40 ಬಿಟ್ಟಿಗೆ ಇಳಿಯಿತು. ಭಾಗಿಸಿ ನೋಡಿ: ಎಂಟುನೂರರಲ್ಲಿ ಒಂದು ಪಾಲು! ಸೆಕೆಂಡಿಗೆ ಐದು ಅಕ್ಷರ. ಒಬ್ಬ ಹುಡುಗನ ಕೈಯಲ್ಲಿ ಚೀಟಿ ಕೊಟ್ಟು ಓಡಿಸಿದ್ದರೂ ಬೇಗ ಮುಟ್ಟುತ್ತಿತ್ತು.

ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಇದರ ಮೂಲವನ್ನು ಹುಡುಕಿದರು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕಳುಹಿಸಿದ ಪ್ಯಾಕೆಟ್ ಮುಟ್ಟಿತೆಂಬ ರಸೀತಿ ಬೇಗ ಬಾರದಿದ್ದರೆ ಕಂಪ್ಯೂಟರ್ ಅದನ್ನೇ ಮತ್ತೆ ಕಳುಹಿಸುತ್ತಿತ್ತು. ದಾರಿಯಲ್ಲಿ ದಟ್ಟಣೆಯಾಗಿದ್ದರಿಂದಲೇ ರಸೀತಿ ತಡವಾದದ್ದು. ಮತ್ತೆ ಕಳುಹಿಸಿದ್ದರಿಂದ ದಟ್ಟಣೆ ಇನ್ನೂ ಹೆಚ್ಚಿತು. ಜಾತ್ರೆಯ ಇಕ್ಕಟ್ಟಿನ ಬೀದಿಯಲ್ಲಿ ಎಲ್ಲರೂ ನೂಕಿದರೆ ಯಾರೂ ಮುಂದೆ ಹೋಗಲಾರರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಇಲ್ಲಿ ಅಕ್ಷರಶಃ ಸತ್ಯವಾಯಿತು. ಅವರು ಕಂಡುಕೊಂಡ ಉಪಾಯ ಸಜ್ಜನರ ನಡತೆಯಂತಿದೆ. ಮೊದಲು ಒಂದು ಪ್ಯಾಕೆಟ್ ಕಳುಹಿಸು. ಮುಟ್ಟಿತೆಂದು ತಿಳಿದರೆ ಎರಡು, ಆಮೇಲೆ ನಾಲ್ಕು. ಒಂದು ಕಳೆದುಹೋದರೆ ದಾರಿಯಲ್ಲಿ ದಟ್ಟಣೆಯಿದೆಯೆಂದು ತಿಳಿದು ನೀನೇ ಹಿಂದೆ ಸರಿ, ಬಳಿಕ ಸ್ವಲ್ಪಸ್ವಲ್ಪವಾಗಿ ಏರು. ಈ ವಿವರಗಳು 1988ರಲ್ಲಿ ಪ್ರಬಂಧವಾಗಿ ಹೊರಬಂದವು. ಯಾವ ಪೊಲೀಸನೂ ಇಲ್ಲದೆ, ಕೋಟ್ಯಂತರ ಯಂತ್ರಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುವ ಸಂಯಮವನ್ನು ಇಂದಿಗೂ ಪಾಲಿಸುತ್ತಿರುವುದಕ್ಕೆ ಮೂಲ ಇಲ್ಲಿದೆ.

ಈ ಕಾಲದ ಇನ್ನೊಂದು ಕೊಡುಗೆ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಮು. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಅದನ್ನು ಬರೆದರು. ಜಲಾಂತರ್ಗಾಮಿ ಹಡಗುಗಳು ಶಬ್ದ ಕಳುಹಿಸಿ ಪ್ರತಿಧ್ವನಿ ಕೇಳುವಂತೆ, ಇದು ದೂರದ ಯಂತ್ರವನ್ನು ಕೂಗಿ 'ಓ' ಎನ್ನುತ್ತದೆಯೇ ಎಂದು ನೋಡುತ್ತದೆ. ಈಚೆಗೆ ನಮ್ಮ ಮನೆಯ ಇಂಟರ್ನೆಟ್ ನಿಂತಾಗ, ದಸರಾಕ್ಕೆ ಬಂದಿದ್ದ ಆ ಹುಡುಗನೇ ಫೋನಿನಲ್ಲಿ ನನಗೆ ಪಾಠ ಹೇಳಿದ: "ಮೊದಲು ನಿಮ್ಮ ಕಂಪ್ಯೂಟರನ್ನೇ ಪಿಂಗ್ ಮಾಡಿ ಸಾರ್. ಆಮೇಲೆ ಗೋಡೆಯ ಮೇಲಿನ ರೂಟರ್. ಆಮೇಲೆ ಹೊರಗಿನದು. ಎಲ್ಲಿ ಉತ್ತರ ನಿಲ್ಲುತ್ತದೋ ಅದಕ್ಕಿಂತ ಮುಂಚಿನದೆಲ್ಲ ಸರಿಯಿದೆ." ಲೆಕ್ಕ ತಪ್ಪಿದವನಿಗೆ ಮೊದಲ ಹೆಜ್ಜೆಯಿಂದ ಒಂದೊಂದಾಗಿ ನೋಡಿಕೊಂಡು ಬಾ ಎಂದು ನಾನು ಹೇಳುತ್ತಿದ್ದೆನಲ್ಲ, ಅದನ್ನೇ ಅವನು ನನಗೆ ಹಿಂದಿರುಗಿಸಿದ. ದೋಷ ನಮ್ಮ ರೂಟರಿನ ಸಡಿಲವಾದ ತಂತಿಯಲ್ಲಿತ್ತು.

ನಮ್ಮ ನಾಡಿನಲ್ಲಿ

ಪರೀಕ್ಷೆಯ ಶ್ರದ್ಧೆ ನಮ್ಮವರಲ್ಲಿಯೂ ಕಡಿಮೆಯಿರಲಿಲ್ಲ. 1981ರಲ್ಲಿ 'ಆಪಲ್' ಎಂಬ ಸಂಪರ್ಕ ಉಪಗ್ರಹವನ್ನು ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಕೂರಿಸಿದ ಛಾಯಾಚಿತ್ರವನ್ನು ನೀವು ನೋಡಿರಬಹುದು. ಅದನ್ನು ಬಡತನದ ಗುರುತೆಂದು ನಗುವವರಿದ್ದಾರೆ. ನಿಜವಾಗಿ, ಲೋಹದ ವಾಹನವಾದರೆ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ವಿಜ್ಞಾನಿಗಳು ಮರದ ಗಾಡಿಯನ್ನು ಆರಿಸಿಕೊಂಡಿದ್ದರು. 1986ರಲ್ಲಿ ವಿಶ್ವಸಂಸ್ಥೆಯ ನೆರವಿನೊಡನೆ ಆರಂಭವಾದ ಅರ್ನೆಟ್ ಯೋಜನೆ ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಜಾಲಕ್ಕೆ ಸೇರಿಸಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಜನಸಾಮಾನ್ಯರಿಗೂ ಇಂಟರ್ನೆಟ್ ದೊರಕಿತು.

ಆಮೇಲೆ ಬಂದದ್ದು ಎರಡು ಸಾವಿರದ ಇಸವಿಯ ಸಮಸ್ಯೆ. ಹಳೆಯ ಪ್ರೋಗ್ರಾಮುಗಳು ಜಾಗ ಉಳಿಸಲು ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಇಟ್ಟುಕೊಂಡಿದ್ದವು. 1960ರಲ್ಲಿ ಹುಟ್ಟಿದವನ ವಯಸ್ಸು 2000ದಲ್ಲಿ ಎಷ್ಟೆಂದರೆ, 00ಯಿಂದ 60ನ್ನು ಕಳೆದು, ಋಣ ಅರವತ್ತು ಎನ್ನುತ್ತಿದ್ದವು! ಜಗತ್ತಿನ ಹಳೆಯ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿ, ತಿದ್ದಿ, ಮತ್ತೆ ಪರೀಕ್ಷಿಸುವ ಕೆಲಸದಲ್ಲಿ ಬೆಂಗಳೂರಿನ ಎಷ್ಟೋ ತರುಣರು ತೊಡಗಿದ್ದರು. ಅವರಲ್ಲಿ ನಮ್ಮ ಶಾಲೆಯ ಬೆಂಚುಗಳಿಂದ ಹೋದವರೂ ಇದ್ದರು. 2000ದ ಜನವರಿ 1ರಂದು ಬಹುಮಟ್ಟಿಗೆ ಏನೂ ಆಗಲಿಲ್ಲ. ಆಗ ಜನ, ಸುಮ್ಮನೆ ಹೆದರಿಸಿದರು ಎಂದು ಆಡಿಕೊಂಡರು. ತಪ್ಪು ಹುಡುಕುವವನ ಪಾಡೇ ಇಷ್ಟು. ಅವನ ಕೆಲಸ ಚೆನ್ನಾಗಿ ಆದ ದಿನ ಯಾರಿಗೂ ಏನೂ ಕಾಣಿಸುವುದಿಲ್ಲ.

ಆ ತ್ರಿಭುಜ

ಈಗ ಆ ನಗೆಯ ವಿಷಯ. ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಗಣಿತದ ಪ್ರಶ್ನೆಪತ್ರಿಕೆಯನ್ನು ನಾನೇ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿಸಿದ್ದೆ. 5, 12 ಮತ್ತು 13 ಸೆಂಟಿಮೀಟರ್ ಬಾಹುಗಳ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯಿರಿ ಎಂಬುದು ಒಂದು ಪ್ರಶ್ನೆ, ಉತ್ತರ 30. ಆದರೆ ಕೈತಪ್ಪಿನಿಂದ 12ರ ಜಾಗದಲ್ಲಿ 7 ಎಂದು ಕೊರೆದಿದ್ದೆ. ಐದೂ ಏಳೂ ಸೇರಿದರೆ ಹನ್ನೆರಡು, ಅದು ಹದಿಮೂರಕ್ಕಿಂತ ಕಡಿಮೆ. ಅಂಥ ತ್ರಿಭುಜವೇ ಇಲ್ಲ. ಬಹಳ ಮಕ್ಕಳು ಸೂತ್ರ ಬರೆದು, ವರ್ಗಮೂಲದ ಕೆಳಗೆ ಋಣ ಸಂಖ್ಯೆ ಬಂದದ್ದನ್ನು ಕಂಡು ಗಾಬರಿಯಿಂದ ಅಲ್ಲಿಗೇ ನಿಲ್ಲಿಸಿದ್ದರು. ಒಬ್ಬ ಹುಡುಗ ಮಾತ್ರ 'ಈ ಅಳತೆಯ ತ್ರಿಭುಜ ಇರಲು ಸಾಧ್ಯವಿಲ್ಲ' ಎಂದು ಕಾರಣಸಹಿತ ಬರೆದಿದ್ದ. ಸೂತ್ರ ಬರೆದವರಿಗೆಲ್ಲ ಒಂದೊಂದು ಅಂಕ ಕೊಟ್ಟೆ. ಅವನಿಗೆ ಸೊನ್ನೆ ಹಾಕಿದೆ.

ಪತ್ರಿಕೆ ಹಂಚಿದ ದಿನ ಅವನು ಎದ್ದು ನಿಂತು, "ಸಾರ್, ಪ್ರಶ್ನೆಯೇ ತಪ್ಪಿದೆ" ಎಂದ. "ಪ್ರಶ್ನೆ ತಪ್ಪು ಅಂತ ಹೇಳುವಷ್ಟು ದೊಡ್ಡವನಾದೆಯೋ? ಕೂತ್ಕೋ" ಎಂದು ಗದರಿಸಿದೆ. ತರಗತಿ ನಕ್ಕಿತು. ಅಂದು ಸಂಜೆ ಮನೆಯಲ್ಲಿ ಲೆಕ್ಕ ಹಾಕಿ ನೋಡಿದಾಗ ನನ್ನ ತಪ್ಪು ನನಗೆ ತಿಳಿಯಿತು. ಮರುದಿನ ಹೇಳಬಹುದಾಗಿತ್ತು. ಹೇಳಲಿಲ್ಲ. ಮೇಷ್ಟ್ರ ಮರ್ಯಾದೆ ಹೋದೀತೆಂಬ ಅಂಜಿಕೆ. ಇಡೀ ಜಾಲವೇ ಕುಸಿದ ತಪ್ಪನ್ನು ಊರಿಗೆಲ್ಲ ಕಾಣುವಂತೆ ಬರೆದವರ ಮುಂದೆ, ಎರಡು ಅಂಕದ ತಪ್ಪನ್ನು ಮೂವತ್ತು ವರ್ಷ ಬಚ್ಚಿಟ್ಟುಕೊಂಡ ನನ್ನ ಮರ್ಯಾದೆ ಎಷ್ಟರದು?

ದಸರಾಕ್ಕೆ ಬಂದವನು ಆ ಹುಡುಗನೇ. ಅಂದು ಅವನನ್ನು ಕೂರಿಸಿದ್ದು, ಅವನ ಹೊಟ್ಟೆಪಾಡಾಗಬೇಕಾಗಿದ್ದ ವಿದ್ಯೆಯನ್ನೇ ಕೂರಿಸಲು ಹೊರಟಂತಾಗಿತ್ತು. ಪುಣ್ಯಕ್ಕೆ ಅವನು ಕೂರಲಿಲ್ಲ. ಅಂದು ನಕ್ಕ ತರಗತಿಯ ಉಳಿದವರೂ ಇದನ್ನು ಓದುತ್ತಿದ್ದೀರಿ. ಆದುದರಿಂದ ನಿಮ್ಮೆಲ್ಲರ ಮುಂದೆಯೇ ಹೇಳುತ್ತೇನೆ: ಪ್ರಶ್ನೆ ತಪ್ಪಿತ್ತು, ಅವನ ಉತ್ತರ ಸರಿಯಿತ್ತು. ಆ ಎರಡು ಅಂಕಗಳನ್ನು ಇಂದು ಕೊಡುತ್ತಿದ್ದೇನೆ. ತಡವಾದದ್ದಕ್ಕೆ, ಗದರಿಸಿದ್ದಕ್ಕೆ ಕ್ಷಮಿಸಪ್ಪಾ.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಹತ್ತಾರು ಜನರ ಮೇಲೆ ಅಧಿಕಾರಿಗಳಾಗಿದ್ದೀರಿ, ಎಲ್ಲರೂ ತಂದೆತಾಯಿಗಳಾಗಿದ್ದೀರಿ. ನಿಮ್ಮ ಎರಡನೆಯ ಬೆಂಚಿನ ಮೂಲೆಯಿಂದ ಯಾರಾದರೂ ಎದ್ದು, ಇದು ತಪ್ಪಿದೆ ಎಂದರೆ, ಅವನನ್ನು ಕೂರಿಸುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಿರಿ.

ಈ ಬರಹದಲ್ಲಿಯೂ ತಪ್ಪುಗಳಿರಬಹುದು. ಕಂಡವರು ದಯವಿಟ್ಟು ತಿಳಿಸಿರಿ; ಈ ಸಲ ಗದರಿಸುವುದಿಲ್ಲ, ತಿದ್ದಿಕೊಳ್ಳುತ್ತೇನೆ.

ಎಲ್ಲರಿಗೂ ಶುಭವಾಗಲಿ.